ಈರಪ್ಪನವರು ಬರೆಸಿದ ಬೋರಿಂಗ್ ಬಾರ್

ಈರಪ್ಪನವರು ತಪ್ಪು ಹೇಳಿರಲಿಲ್ಲ. ಅವರು ಹೇಳಿದ್ದನ್ನು ಬದಲಿಸಿದವಳು ನಾನು. ಬದಲಿಸಿ, ಎಲ್ಲರೆದುರು ಸುಳ್ಳು ಹೇಳಿದವಳೂ ನಾನೇ. ಮೂರು ವರ್ಷ ಈ ಮಾತನ್ನು ಬಾಯಿಯೊಳಗೇ ಇಟ್ಟುಕೊಂಡು ಅಡುಗೆ ಮಾಡಿದ್ದೇನೆ, ದೀಪ ಹಚ್ಚಿದ್ದೇನೆ, ಮಾಟುಂಗದ ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ ಆರಿಸಿದ್ದೇನೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ — ಅಷ್ಟು ಸುಲಭವಾಗಿತ್ತು.

ಬೈಕುಲ್ಲಾದಲ್ಲಿ ನಮ್ಮವರದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಎರಡು ಹಳೆಯ ಲೇತ್ ಯಂತ್ರ, ನಾಲ್ಕು ಜನ ಕೆಲಸಗಾರರು. ತಿರುಗುವ ಕಬ್ಬಿಣಕ್ಕೆ ಹರಿತವಾದ ಟೂಲ್ ತಾಗಿಸಿ ಬೇಕಾದ ಆಕಾರಕ್ಕೆ ತರುವುದು ಅಲ್ಲಿನ ಕೆಲಸ. ಆ ನಾಲ್ವರಲ್ಲಿ ಹಿರಿಯರು ಈರಪ್ಪನವರು, ವಿಜಯಪುರದ ಕಡೆಯವರು. ಇಪ್ಪತ್ತೆರಡು ವರ್ಷ ಒಂದೇ ಲೇತಿನ ಮುಂದೆ ನಿಂತವರು. ಅವರು ನಿಲ್ಲುತ್ತಿದ್ದ ಜಾಗದಲ್ಲಿ ಸಿಮೆಂಟು ಎರಡು ಪಾದದಷ್ಟು ನುಣುಪಾಗಿತ್ತು.

ಮೂರು ವರ್ಷದ ಹಿಂದೆ ಅಲ್ಲಿಗೆ ಹೊಸ ಸಿಎನ್‌ಸಿ ಲೇತ್ ಬಂತು, ಕಂಪ್ಯೂಟರ್ ಹೇಳಿದಂತೆ ತಾನೇ ಕೊರೆಯುವುದು. ಮಷೀನು ಬಂದರೆ ಎಲ್ಲವೂ ಬಂದಂತೆ ಎಂದು ನಾನು ತಿಳಿದಿದ್ದೆ. ಆದರೆ ಅದರ ಟೂಲುಗಳನ್ನು ನಾವೇ ಬೇರೆಯಾಗಿ ಆರಿಸಿ ತರಿಸಬೇಕಿತ್ತು. ದಪ್ಪ ಕ್ಯಾಟಲಾಗು, ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮವರ ಇಂಗ್ಲಿಷು ಬಿಲ್ಲು-ಚಲನ್ನುಗಳಷ್ಟು. ಈರಪ್ಪನವರಿಗೆ ಕನ್ನಡ ಬಿಟ್ಟರೆ ಓದಲು ಬಾರದು. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿ ತಿದ್ದಿ ಕಲಿಸಿದ ಇಂಗ್ಲಿಷು — ಮದುವೆಯಾದ ಮೇಲೆ ಮಕ್ಕಳ ಹೋಮ್‌ವರ್ಕಿಗೆ ಬಿಟ್ಟು ಯಾರಿಗೂ ಬೇಕಾಗಿರಲಿಲ್ಲ. ಎಷ್ಟು ಖುಷಿಯಾಗಿತ್ತು ಎಂದು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು.

ಒಂದು ಭಾನುವಾರ ಈರಪ್ಪನವರು ಮನೆಗೆ ಬಂದರು. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಕ್ಯಾಟಲಾಗಿನ ಮೇಲೆ ಕೈಯಿಟ್ಟರು. ಊಟದ ಮೇಜಿನ ಮೇಲೆ ಅವರು ಒಂದೊಂದೇ ಟೂಲು ಹೇಳಿದರು, ನಾನು ಪ್ಯಾಡಿನಲ್ಲಿ ಬರೆದುಕೊಂಡೆ. ಕೊನೆಗೆ ಬೋರಿಂಗ್ ಬಾರ್ — ತೂತಿನ ಒಳಗೆ ಹೋಗಿ ಕೊರೆಯುವ ಉದ್ದನೆಯ ಕೋಲಿನಂಥ ಟೂಲು. ನಮ್ಮ ಮುಖ್ಯ ಕೆಲಸ ಪಂಪಿನ ಸ್ಲೀವು, ಅಂದರೆ ಉಕ್ಕಿನ ಕೊಳವೆ. ಹೆಬ್ಬೆರಳು ಹೋಗುವಷ್ಟು ತೂತು, ಆಳ ಮಾತ್ರ ಬಹಳ.

"ಅಕ್ಕಾರ, ಉಳಿದದ್ದು ಸಾಹುಕಾರ್ರು ಹ್ಯಾಂಗ ಅಂತಾರ ಹಂಗ. ಇದೊಂದು ಮಾತ್ರ ಕಾರ್ಬೈಡಿಂದ ಬೇಕ್ರಿ, ಅದು ಉಕ್ಕಿಗಿಂತ ಬಿರುಸು. ಉಕ್ಕಿನ ಬಾರ್ ಅಷ್ಟು ಆಳ ಹೋದರ ನಡಗತೈತಿ, ಒಳಗ ಗೆರಿ ಬೀಳತಾವ. ಹಳೇ ಮಷೀನಿನಾಗ ನಾ ಕೈ ಇಟ್ಟು ತಿಳಕೋತೀನಿ. ಈ ಹೊಸಾದು ಬಾಗಲಾ ಮುಚಗೊಂಡು ಕೆಲಸಾ ಮಾಡತೈತಿ, ಕೈ ಎಲ್ಲಿಡಲಿ? ಅದರ ಅಡಿಗೆ ಗೆರಿ ಹೊಡೀರಿ."

ನಾನು ಎಳೆದೆ.

"ಇನ್ನೊಂದು ಹೊಡೀರಿ."

ನಮ್ಮವರು ನಕ್ಕರು. "ಎಂಥ ಈರಪ್ಪ, ಇದೇನು ಮದುವೆ ಜವಳಿ ಪಟ್ಟಿಯಾ?"

"ಹೌದ್ರಿ ಸಾಹುಕಾರ್ರ. ಹೊಸಾ ಸೊಸಿ ಬಂದಾಳ, ಬರಿಗೈಲೆ ನಿಂದರಸಬಾರದು."

ಎರಡು ಗೆರೆ ಎಳೆದ ಆ ಕಾಗದ ತೆಗೆದುಕೊಂಡು ಮರುದಿನ ನಾನೊಬ್ಬಳೇ ಬಾಂದ್ರಾಕ್ಕೆ, ಟೂಲು ಮಾರುವವರ ಆಫೀಸಿಗೆ ಹೋದೆ. ಸೇಲ್ಸಿನ ಹುಡುಗ — ಹುಡುಗನೇನಲ್ಲ, ಮೂವತ್ತು ದಾಟಿರಬೇಕು — ಇಸ್ತ್ರಿ ಮಾಡಿದ ನೀಲಿ ಶರಟು, ಮೆಲುದನಿ. ನಾನು ಕ್ಯಾಟಲಾಗಿನಿಂದ ನಾಲ್ಕು ಪ್ರಶ್ನೆ ಕೇಳಿದೆ. ಇಷ್ಟು ಓದಿಕೊಂಡು ಬರುವ ಗಿರಾಕಿಗಳು ಅಪರೂಪ ಮ್ಯಾಡಮ್, ಎಂಜಿನಿಯರುಗಳೂ ಓದುವುದಿಲ್ಲ ಎಂದ. ಆಮೇಲೆ ಒಂದು ಪೆಟ್ಟಿಗೆ ತೆರೆದು ತೋರಿಸಿದ. ಹೊಸ ಮಷೀನಿಗೆಂದೇ ಜೋಡಿಸಿದ ಸೆಟ್ಟು. ಕಪ್ಪು ಫೋಮಿನಲ್ಲಿ ಪ್ರತಿಯೊಂದು ಟೂಲಿಗೂ ಅದರದೇ ಆಕಾರದ ಗುಂಡಿ. ಎಷ್ಟು ಚೊಕ್ಕ! ಅದರಲ್ಲೂ ಒಂದು ಬೋರಿಂಗ್ ಬಾರ್ ಇತ್ತು, ಉಕ್ಕಿನದು. ಅಳತೆ ಅದೇ.

"ನಮ್ಮ ಟರ್ನರ್ ಕಾರ್ಬೈಡೇ ಬೇಕು ಅಂದಿದ್ದಾರೆ" ಎಂದೆ.

ಹಳೆಯ ಕೆಲಸಗಾರರೆಲ್ಲ ಅದನ್ನೇ ಕೇಳುತ್ತಾರೆ, ಹೊಸ ಮಷೀನೇ ಗಟ್ಟಿಯಾಗಿರುತ್ತದಲ್ಲ, ಉಕ್ಕಿನದೇ ಸಾಕು ಎಂದು ಅವನು ನಕ್ಕ. ಮಾರುವವನು ಮಾರುವ ಮಾತನ್ನಾಡಿದ, ಅವನ ತಪ್ಪಿಲ್ಲ. ನಾನು — ನಾನು ಅವನ ಜೊತೆ ಸೇರಿ ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ. ಆ ಕೋಣೆಯಲ್ಲಿ ನಾನು ಇಂಗ್ಲಿಷು ಬಲ್ಲವಳು, ತಿಳಿದವಳು. ಈರಪ್ಪನವರು ಅದನ್ನು ಓದಲು ಬಾರದ ಮುದುಕರು. ಹಣ ಉಳಿಸಬೇಕೆಂದು ಮಾಡಿದ್ದಲ್ಲ. ಒಂದು ನಿರ್ಧಾರ ನನ್ನದೇ ಎಂದು ಇರಲಿ ಅನ್ನಿಸಿತ್ತು, ಅಷ್ಟೇ. ಬಾಂದ್ರಾದಲ್ಲಿ ಲೋಕಲ್ ಹತ್ತಿದವಳು ಮಾಟುಂಗ ರೋಡ್ ಬರುವಷ್ಟರಲ್ಲಿ ಮೊಬೈಲಿನಿಂದಲೇ ಆ ಸೆಟ್ಟಿಗೆ ಆರ್ಡರ್ ಕಳಿಸಿಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ ಅಂದುಕೊಂಡೆ.

ಸೆಟ್ಟು ಬಂದಾಗ ಈರಪ್ಪನವರು ಊರಿನಲ್ಲಿದ್ದರು, ಅವರ ಅಣ್ಣ ತೀರಿಕೊಂಡಿದ್ದರು. ಇತ್ತ ಕೆಲಸ ಕಾಯುವಂತಿರಲಿಲ್ಲ. ದಿಲೀಪ ಎಂಬ ಚುರುಕಿನ ಆಪರೇಟರ್ ಇದ್ದ, ಅವನೇ ಮಷೀನು ನಡೆಸಿದ. ಸ್ಲೀವುಗಳು ಹೊರಗಿನಿಂದ ಬೆಳ್ಳಿಯ ಲೋಟದ ಹಾಗೆ ಹೊಳೆಯುತ್ತಿದ್ದವು. ಪಂಪಿನವರು ಒಂದನ್ನೂ ಇಟ್ಟುಕೊಳ್ಳದೆ ವಾಪಸು ಕಳಿಸಿದರು. ಒಳಗೆ ಬೆರಳು ಹಾಕಿದರೆ ಗೊತ್ತಾಗುತ್ತಿತ್ತು — ಬಾಚಣಿಗೆ ಎಳೆದಂತೆ ಸಣ್ಣ ಸಣ್ಣ ಗೆರೆ.

ಈರಪ್ಪನವರು ಬಂದ ದಿನ ನಾನು ಊಟದ ಡಬ್ಬಿ ಕೊಡಲು ವರ್ಕ್‌ಶಾಪಿಗೆ ಹೋಗಿದ್ದೆ. ಬೋಳಿಸಿದ ತಲೆ, ಇಳಿದುಹೋದ ಮುಖ. ಬಾರನ್ನು ಬಿಚ್ಚಿ ಕೈಯಲ್ಲಿ ತೂಗಿ ನೋಡಿದರು.

"ಇದು ಉಕ್ಕಿಂದು. ನಾ ಬರಿಸಿದ್ದು ಕಾರ್ಬೈಡ್."

ನಮ್ಮವರು ನನ್ನ ಕಡೆ ತಿರುಗಿದರು. ಅವರಿಗೆ ಆ ಭಾನುವಾರದ್ದು ಸರಿಯಾಗಿ ನೆನಪಿರಲಿಲ್ಲ. ನಗೆಮಾತು ನೆನಪಿತ್ತು, ಯಾವ ಬಾರೆಂಬುದು ಇರಲಿಲ್ಲ. "ಹೌದಾ? ನೀನು ಎಂಥ ಬರ್ದದ್ದು?"

ಆಗ ಹೇಳಬಹುದಿತ್ತು. ಬೈಗುಳ ಬೀಳುತ್ತಿತ್ತು, ಒಂದು ವಾರ ಮುಖ ಸಪ್ಪೆ, ಮುಗಿಯುತ್ತಿತ್ತು. ದಿಲೀಪ ನೋಡುತ್ತಿದ್ದ, ಉಳಿದಿಬ್ಬರೂ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇದು:

"ಈರಪ್ಪನವರು ಹೇಳಿದ್ದನ್ನೇ ಬರೆದಿದ್ದೇನೆ."

ಅವರು ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ನನ್ನ ಮುಖ ನೋಡಿದರು — ಸಂಶಯದಿಂದಲ್ಲ, ದಾರಿ ಕೇಳುವವರು ನೋಡುವಂತೆ. ಊರಿಗೆ ಹೋಗುವ ಮೊದಲು ಒಂದು ದಿನ ಅವರು ಹಳೆಯ ಲೇತಿನ ಚಕ್ಕಿನಲ್ಲೇ — ಕಬ್ಬಿಣ ಹಿಡಿದು ತಿರುಗುವ ಭಾಗದಲ್ಲೇ — ಅದನ್ನು ಬಿಗಿಯುವ ಕೀಲಿ ಮರೆತಿದ್ದರಂತೆ. ಹಾಗೇ ಚಾಲೂ ಮಾಡಿದರೆ ಅದು ಸಿಡಿದು ಮುಖಕ್ಕೇ ಬರುತ್ತದೆ. ದಿಲೀಪ ನೋಡಿ ತಡೆದಿದ್ದ. ಅದು ಅವರ ಮನಸ್ಸಿನಲ್ಲಿತ್ತು.

"ಹಂಗಂದಿರಬೇಕ್ರಿ" ಎಂದರು ನಿಧಾನವಾಗಿ. "ಅಕ್ಕಾರ ಸುಳ್ಳ್ಯಾಕ ಹೇಳತಾರ? ಈಗೀಗ ನನಗ ಮರುವು."

"ಚಾಚಾ ಕೋ ರೋಜ್ ಬಾದಾಮ್ ಖಿಲಾವ್!" ಎಂದ ದಿಲೀಪ — ನೆನಪಿಗೆ ದಿನಾ ಬಾದಾಮಿ ತಿನ್ನಿಸಿ ಎಂದು. ಎಲ್ಲರೂ ನಕ್ಕರು. ಈರಪ್ಪನವರೂ ನಕ್ಕರು.

ನಾನು ಮನೆಗೆ ಬಂದು ಎರಡು ಗೆರೆಯ ಆ ಕಾಗದವನ್ನು ಹರಿದು ಸೋರೆಕಾಯಿಯ ಸಿಪ್ಪೆಯ ಜೊತೆ ಕಸಕ್ಕೆ ಹಾಕಿದೆ. ಆಮೇಲೆ ಕಾರ್ಬೈಡಿನ ಬಾರ್ ತರಿಸಿದರು. ಗೆರೆ ಬೀಳುವುದು ನಿಂತಿತು. ಆದರೆ ಈರಪ್ಪನವರು ಬದಲಾದರು. ಅಳತೆ ತೆಗೆದು ತಾವೇ ನಂಬದೆ, "ದಿಲೀಪಾ, ಒಂದ್ಸಲ ನೀ ನೋಡೋ" ಎಂದು ಕರೆಯುತ್ತಿದ್ದರಂತೆ. ನಾಲ್ಕು ತಿಂಗಳಾದ ಮೇಲೆ ಸಾಕು ಎಂದರು. ಬೀಳ್ಕೊಡುವ ದಿನ ಅವರಿಗೆ ಶಾಲು ಹೊದಿಸಿದ್ದು ನಾನೇ. ಹೊದಿಸಿದೆ.

ಇಷ್ಟೇ ಆಗಿದ್ದರೆ, ವಯಸ್ಸಾಗಿತ್ತು, ಹೇಗೂ ಬಿಡುವವರಿದ್ದರು ಎಂದು ಸಮಾಧಾನ ಹೇಳಿಕೊಂಡೇ ಇರುತ್ತಿದ್ದೆನೋ ಏನೋ. ಕಳೆದ ವಾರ ಮಾಟುಂಗದ ಹೂವಿನ ಸಾಲಿನಲ್ಲಿ ಅವರ ಹೆಂಡತಿ ನೀಲವ್ವ ಸಿಕ್ಕರು. ಅವರ ಮನೆಯಿರುವ ಕಲ್ಯಾಣದಿಂದ ಇಲ್ಲಿಯ ದೇವಸ್ಥಾನಕ್ಕೆ ಬಂದಿದ್ದರು. ಹೇಗಿದ್ದಾರೆ ಎಂದು ಕೇಳಿದೆ.

"ಏನ್ ಹೇಳಲಿ ಅಕ್ಕಾರ. ಬಾಗಲಕ್ಕ ಕೀಲಿ ಹಾಕಿ ಮೂರು ಸಲ ಹೊಳ್ಳಿ ಬಂದು ನೋಡತಾರ. ಡಾಕ್ಟರು ತಲಿ ಚೊಲೋ ಐತಿ ಅಂದರ, ಅವನಿಗೇನ್ ಗೊತ್ತು ಅಂತಾರ. ಅಲ್ಲೇ ಕಲ್ಯಾಣದಾಗ ಒಬ್ಬರು ಹುಡುಗರಿಗೆ ಲೇತ್ ಕಲಸಾಕ ಕರದಿದ್ದರು. ಒಲ್ಲೆ ಅಂದರು. ಸಾಹುಕಾರ್ರ ಹೊಸ ಮಷೀನಿಗೆ ತಪ್ಪು ಹೇಳಿ ಮಾಲೆಲ್ಲಾ ಕೆಡಿಸಿದಾಂವ, ಹುಡುಗರಿಗೇನ್ ಹೇಳಲಿ ಅಂತ. ಅವತ್ತಿಂದ ತಮ್ಮ ಮಾತು ತಾವ ನಂಬಂಗಿಲ್ಲ ನೋಡ್ರಿ."

ಕೈಯಲ್ಲಿದ್ದ ಸೇವಂತಿಗೆ ಎಲ್ಲಿಟ್ಟೆನೋ — ನಾನು ಒಬ್ಬರ ಕೆಲಸ ಕೆಡಿಸಿದ್ದೇನೆ ಎಂದು ತಿಳಿದಿದ್ದೆ. ಅವರ ತಲೆಯನ್ನೇ ಅವರಿಂದ ಕಸಿದಿದ್ದೇನೆ ಎಂದು ತಿಳಿದಿರಲಿಲ್ಲ.

ಮೊನ್ನೆ ಭಾನುವಾರ ಕಲ್ಯಾಣಕ್ಕೆ ಹೋದೆ. ಒಂದೇ ಕೋಣೆ, ಹಿಂದೊಂದು ಚಿಕ್ಕ ಅಡುಗೆಮನೆ, ಒಪ್ಪವಾಗಿತ್ತು. ಕುರ್ಚಿ ಕೊಟ್ಟರು, ನಾನು ಕೂರಲಿಲ್ಲ. ಎಲ್ಲವನ್ನೂ ಹೇಳಿದೆ: ಕಾಗದ, ಎರಡು ಗೆರೆ, ಬಾಂದ್ರಾ, ಕಸದ ಬುಟ್ಟಿ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಗೋಡೆಯ ಕಡೆ ನೋಡುತ್ತ, "ಎರಡು ಗೆರಿ ಹೊಡಿಸಿದ್ದೆ" ಎಂದರು.

"ಹೌದು."

"ನೀಲಾ, ಒಳಗೇನ್ ಮಾಡಾಕತ್ತಿ? ಬಾ ಇಲ್ಲಿ." ನೀಲವ್ವ ಸೆರಗಿಗೆ ಕೈ ಒರೆಸುತ್ತ ಬಂದರು. "ಇನ್ನೊಮ್ಮೆ ಹೇಳ್ರಿ ಅಕ್ಕಾರ. ಅಕಿ ಮುಂದ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಗಿತ್ತು. ಮೊದಲ ಸಲ ಅಳು ಬಂದು ಸಹಾಯ ಮಾಡಿತ್ತು.

ನೀಲವ್ವ ಗಂಡನ ಭುಜದ ಮೇಲೆ ಕೈಯಿಟ್ಟು ನಿಂತರು. ಚಹಾ ಬರಲಿಲ್ಲ, ಬರಬಾರದಿತ್ತು ಕೂಡ.

"ಸಾಹುಕಾರ್ರಿಗೆ ಹೇಳೀರೇನು?" ಎಂದು ಕೇಳಿದರು ಈರಪ್ಪನವರು.

"ಇನ್ನೂ ಇಲ್ಲ."

"ಮನ್ಯಾಗಷ್ಟ ಹೇಳಿದರ ಆಗಂಗಿಲ್ಲ. ನನ್ನ ಹೆಸರು ಹೋಗಿದ್ದು ಶಾಪಿನಾಗ. ಅಲ್ಲಿ ಹೇಳ್ರಿ."

ಆ ಸಂಜೆಯೇ ನಮ್ಮವರಿಗೆ ಹೇಳಿದೆ. ಟೀವಿ ಆರಿಸಿದರು. "ನೀನಾ?" ಎಂದರು. ಊಟ ಬಡಿಸುವಾಗ, "ಅವರಿಗೆ ನಾನೂ ಬೈದಿದ್ದೆ ಮಾರಾಯ್ತಿ, ಆ ವಾರ ಪೂರಾ" ಎಂದರು. ಅನ್ನ ಕಲಸಿದ್ದು ಹಾಗೇ ಉಳಿಯಿತು.

ಸೋಮವಾರ ಹತ್ತು ಗಂಟೆಗೆ ವರ್ಕ್‌ಶಾಪಿನಲ್ಲಿ ನಮ್ಮವರು ಮಷೀನು ನಿಲ್ಲಿಸಿದರು. ಅಲ್ಲಿದ್ದ ಮೂವರ ಮುಂದೆ ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಹೊಸದಾಗಿ ಸೇರಿದ ಒಬ್ಬನಿಗೆ ಈರಪ್ಪನವರು ಯಾರೆಂದೇ ಗೊತ್ತಿಲ್ಲ. ಅವನು ಮರ್ಯಾದೆಯಿಂದ ತಲೆ ತಗ್ಗಿಸಿಕೊಂಡು ಕೇಳಿ, "ಭಾಭೀ, ಅಬ್ ಚಾಲೂ ಕರೂಂ?" ಎಂದ. ಮಷೀನು ಮತ್ತೆ ತಿರುಗಿತು. ಐದು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದು ಈರಪ್ಪನವರಿಗೆ ಫೋನ್ ಮಾಡಿದೆ.

"ಹೇಳಿದೆ" ಎಂದೆ.

"ಯಾರ‍್ಯಾರಿದ್ದರು?"

ಹೆಸರು ಹೇಳಿದೆ.

"ದಿಲೀಪ?"

"ಅವನು ಇವತ್ತು ರಜೆ."

ಕ್ಷಮಿಸಿದೆ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆನೇ? ಹೌದು, ಕಾಯುತ್ತಿದ್ದೆ.

"ಹಂಗಾದರ ನಾಳೆ ಅವ ಬಂದ ಮ್ಯಾಲೆ ಮತ್ತ ಹೇಳ್ರಿ" ಎಂದರು.

"ಹೇಳುತ್ತೇನೆ" ಎಂದೆ.