ಗೇರಿನ ಒದರಾಟ ನಿಂತ ಮೇಲೆ

ಆ ಬಸ್ಸಿನ ಎರಡನೆಯ ಗೇರು ಒದರುತ್ತಿತ್ತು. ಅದಕ್ಕೆ ಬೇರೆ ಮಾತು ನನಗೆ ಸಿಗುವುದಿಲ್ಲ. ಗೋಕಾಕದಿಂದ ಒಂದು ದಿನ ಹುಕ್ಕೇರಿಗೆ, ಮರುದಿನ ಮೂಡಲಗಿಗೆ ಹೋಗಿ ಬರುತ್ತಿದ್ದ ಬಸ್ಸು ಅದು. ಓಡಿಸುವವನು ನನ್ನ ಅಣ್ಣ, ರಿಪೇರಿ ಮಾಡುವವನು ನಾನು. ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸಿನ ಒಡೆಯರಾದ ಸಾವಕಾರರು ಅದರ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿದ್ದರು. ಇದ್ದಿಲ ಗ್ಯಾಸಿನ ಮೇಲೆ ಓಡುವ ಇಂಜಿನ್ನಿಗೆ ಕಸುವಿರಲಿಲ್ಲ; ಸಣ್ಣ ಏರು ಬಂದರೂ ಎರಡನೆಯ ಗೇರಿಗೆ ಇಳಿಸಬೇಕು. ಇಳಿಸುವಾಗ ಕಟಕಟನೆ ಹಲ್ಲು ಕಡಿಯುವ ಸದ್ದು, ಇಳಿಸಿದ ಮೇಲೆ ಏರು ಮುಗಿಯುವ ತನಕ ಗುಂಯ್ ಎನ್ನುವ ಒದರಾಟ. ಉಣ್ಣಲು ಕೂತರೂ ಅದು ನನ್ನ ಕಿವಿ ಬಿಡುತ್ತಿರಲಿಲ್ಲ. ಸಾಕಾಗಿ ಹೋಗಿತ್ತು.

ದಾರಿಯ ಊರಿನವರಿಗೆ ಮಾತ್ರ ಅದೇ ಅನುಕೂಲ. ಆಗ ನಿಲ್ದಾಣ ಗಿಲ್ದಾಣ ಏನೂ ಇರಲಿಲ್ಲ, ಬಸ್ಸು ಬರುವ ಹೊತ್ತಿಗೂ ಲೆಕ್ಕವಿರಲಿಲ್ಲ. ಹೊಲದಲ್ಲಿದ್ದವರು ದೂರದ ಒದರಾಟ ಕೇಳಿ, "ಗಾಡಿ ಬಂತ್ ನೋಡ್ರಿ" ಎಂದು ಗಂಟು ಕಟ್ಟಿಕೊಂಡು ರಸ್ತೆಗೆ ಬಂದು ನಿಲ್ಲುತ್ತಿದ್ದರು. ನಿಂತವರನ್ನು ಕಂಡರೆ ಅಣ್ಣ ನಿಲ್ಲಿಸುತ್ತಿದ್ದ, ಇಳಿಯುವವರಿಗೆಂದು ಪ್ರತಿ ಊರಿನಲ್ಲೂ ತಾನಾಗಿಯೇ ನಿಲ್ಲಿಸುತ್ತಿದ್ದ. ಯಾರೂ ಕೂಗಬೇಕಾಗಿರಲಿಲ್ಲ.

ಕೂಗಿದ್ದರೆ ಅವನಿಗೆ ಕೇಳುತ್ತಲೂ ಇರಲಿಲ್ಲ. ಅಣ್ಣನ ಕಿವಿ ಮಂದವಾಗುತ್ತ ಬಂದಿತ್ತು. ಅದು ಗೊತ್ತಿದ್ದದ್ದು ಅತ್ತಿಗೆಗೆ ಮತ್ತು ನನಗೆ. ಎದುರಿನವರ ತುಟಿ ನೋಡಿ ಉತ್ತರ ಕೊಡುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಆದರೆ ಗೇರಿಗೆ ತುಟಿ ಎಲ್ಲಿಂದ ಬರಬೇಕು? ಆ ಕಾಲದಲ್ಲಿ ಗೇರು ಬದಲಿಸುವುದು ಕಿವಿಯ ಕೆಲಸ. ಕ್ಲಚ್ ಒತ್ತಿ, ಬಿಟ್ಟು, ಇಂಜಿನ್ನಿನ ದನಿ ಕೇಳಿ, ಗೇರಿನ ಪೆಟ್ಟಿಗೆಯೊಳಗಿನ ಎರಡೂ ಹಲ್ಲಿನ ಚಕ್ರಗಳು ಒಂದೇ ಓಟಕ್ಕೆ ಬಂದವು ಎಂದು ತಿಳಿದ ಮೇಲೆ ಹಲ್ಲಿಗೆ ಹಲ್ಲು ಕೂಡಿಸಬೇಕು. ದನಿ ಕೇಳದವನು ಕೂಡಿಸಿದರೆ ಹಲ್ಲು ಕಡಿಯುತ್ತದೆ, ಚೂರು ಏಳುತ್ತದೆ.

ಒಂದು ದಿನ ಸಾವಕಾರರು ನನ್ನನ್ನು ಕರೆದರು. "ಮಿಸ್ತ್ರಿ, ಗೇರ್ ಮುರದ್ರ ಈ ಯುದ್ಧದಾಗ ಬ್ಯಾರೆ ಎಲ್ಲಿಂದ ತರೂಣು? ನಿಮ್ಮಣ್ಣನ ಕೈ ಕೆಟ್ಟೈತಿ. ಮಳಿ ಮುಗದ ಮ್ಯಾಲೂ ಇದ ಹಾಡು ಅಂದ್ರ ಹುಕ್ಕೇರಿ ಡ್ರೈವರನ್ನ ಕರಸ್ತೇನಿ."

"ಕೈ ಅಲ್ರಿ, ಗೇರಿನ ಹಲ್ಲಽ ಕೆಟ್ಟಾವ್ರಿ. ನಾ ಸರಿ ಮಾಡ್ತೇನ್ರಿ," ಎಂದೆ. ಅರ್ಧ ಖರೆ, ಅರ್ಧ ಸುಳ್ಳು. ಅಣ್ಣನಿಗೆ ಸ್ಟಿಯರಿಂಗ್ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ರಜೆಯ ದಿನವೂ ಶೆಡ್ಡಿಗೆ ಬಂದು ಬಸ್ಸಿನ ಮೈ ಒರೆಸುತ್ತ ಕೂಡುವ ಮನುಷ್ಯ. ಅವನನ್ನು ಇಳಿಸಿದರೆ ಏನು ಉಳಿಯುತ್ತದೆ ಎಂದು ಯೋಚಿಸಲೂ ನನಗೆ ಹೆದರಿಕೆ.

ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆ ಕೆಸರಾಗಿ ಬಸ್ಸು ಶೆಡ್ಡಿನಲ್ಲೇ ನಿಂತಿತು. ನಾನು ಗೇರಿನ ಪೆಟ್ಟಿಗೆ ಇಳಿಸಿ ಬಿಚ್ಚಿದೆ. ಕಿವಿಯ ಸಹಾಯವಿಲ್ಲದೆ ಕೂಡುವ ಹಲ್ಲು ಹೇಗಿರಬೇಕು ಎಂಬುದೇ ತಲೆಯಲ್ಲಿ. ಹಲ್ಲಿನ ಅಂಚು ಚೌಕವಾಗಿದ್ದರೆ ಎದುರಿನ ಹಲ್ಲಿಗೆ ಡಿಕ್ಕಿ ಹೊಡೆಯುತ್ತದೆ. ಅದನ್ನು ಬೆರಳಿನ ಉಗುರಿನಂತೆ ದುಂಡಗೆ ಮಾಡಿದರೆ ಜಾರಿಕೊಂಡು ಸಂದಿಗೆ ಇಳಿಯಬೇಕು. ಒದರಾಟ ನಿಲ್ಲಲು ಹಲ್ಲಿನ ತುದಿಯನ್ನೂ ಕೂದಲೆಳೆಯಷ್ಟು ತೇಯಬೇಕು. ಸೀಮೆಎಣ್ಣೆಯ ಡಬ್ಬಿ ಕತ್ತರಿಸಿ, ಬೇಕಾದ ಹಲ್ಲಿನ ಆಕಾರಕ್ಕೆ ಒಂದು ತಗಡಿನ ಅಚ್ಚು ಮಾಡಿಕೊಂಡೆ. ಉಕ್ಕು ಎಂಥ ಗಟ್ಟಿ ಎಂದರೆ ಹಲ್ಲಿನ ಮೇಲೆ ಅರ ಜಾರುತ್ತಿತ್ತು. ಕೊನೆಗೆ ಸಾಣೆಕಲ್ಲಿನಿಂದ ತಿಕ್ಕಿದೆ. ಎಲ್ಲಿ ತಾಗುತ್ತದೆ ಎಂದು ನೋಡಲು ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಒಂದು ಚಕ್ರಕ್ಕೆ ಹಚ್ಚಿ ತಿರುಗಿಸುವುದು, ಇನ್ನೊಂದಕ್ಕೆ ಕೆಂಪು ಹತ್ತಿದ ಕಡೆ ಮತ್ತೆ ತಿಕ್ಕುವುದು. ಒಂದು ಹಲ್ಲು ದಾರಿಗೆ ಬಂದರೆ ಪಕ್ಕದ್ದು ಮೊಂಡು ಹಿಡಿಯುತ್ತಿತ್ತು. ಬುತ್ತಿ ತಂದ ಅತ್ತಿಗೆ ನನ್ನ ಕೆಂಪು ಕೈ ನೋಡಿ, "ಹಣಮಪ್ಪಗ ಹಚ್ಚೂದು ಬಿಟ್ಟು ಗೇರಿಗೆ ಹಚ್ಚಾಕತ್ತೀ, ಇನ್ನ ಅದಕ್ಕೊಂದು ಕಾಯಿ ಒಡಿ" ಎಂದು ನಗಾಡಿದಳು. ನನಗೆ ನಗಲೂ ತ್ರಾಣವಿರಲಿಲ್ಲ. ರಟ್ಟೆ ಸೋತು ಹೋಗಿದ್ದವು.

ಮಳೆ ನಿಂತು ಬಸ್ಸು ಹೊರಟಿತು. ಹುಕ್ಕೇರಿ ದಾರಿಯಲ್ಲಿ, ಗೋಕಾಕ ಫಾಲ್ಸ್ ಕಡೆಯ ಏರಿನಲ್ಲಿ ಅಣ್ಣ ಗೇರು ಇಳಿಸಿದ. ಕಡಿತವಿಲ್ಲ, ಒದರಾಟವಿಲ್ಲ. ಹಿಂದೆ ಕೂತ ಹೆಂಗಸರ ಪಿಸುಮಾತು ನನಗೆ ಕೇಳಿಸಿತು. ಹಿಗ್ಗಿನಿಂದ ಅಣ್ಣನ ಮುಖ ನೋಡಿದೆ. ಅವನು ಹುಬ್ಬು ಗಂಟಿಕ್ಕಿ ಗೇರಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಹೊಸದು, ಇನ್ನೂ ಒಗ್ಗಿಲ್ಲ ಎಂದುಕೊಂಡೆ.

ಮೂಡಲಗಿಯ ಪಾಳಿ ಬಂದ ದಿನ ಸಾವಕಾರರು ತಾವೇ ನೋಡಬೇಕೆಂದು ಅಣ್ಣನ ಪಕ್ಕದಲ್ಲಿ ಕೂತರು. ಹಿಂದಿನ ಸಾಲಿನಲ್ಲಿ ನಾನು. ಅರ್ಧ ದಾರಿಯಲ್ಲಿ, ಜೋಳದ ಹೊಲದೊಳಗಿಂದ ಒಬ್ಬ ಮುದುಕಿ ತಲೆಯ ಮೇಲೆ ಬುಟ್ಟಿ ಹೊತ್ತು ಓಡಿಬಂದಳು. ಬಸ್ಸು ಆಗಲೇ ದಾಟಿತ್ತು. ಒದರಾಟವೇ ಇಲ್ಲದ ಮೇಲೆ ಅವಳಿಗಾದರೂ ಹೇಗೆ ತಿಳಿಯಬೇಕು? "ಯಪ್ಪಾ, ನಿಂದರ್ಸೋ! ಮೂಡಲಗ್ಯಾಗ ಮಗಳು ಹಡದಾಳೋ, ಬಾಣಂತಿಗೆ ಅಂಟಿನುಂಡಿ ಒಯ್ಯಬೇಕೋ!" ಕಂಡಕ್ಟರ್ ಗಂಟೆ ಹೊಡೆದ. ಮತ್ತೆ ಹೊಡೆದ. ಮಂದಿಯೆಲ್ಲ ಕೂಗಿದರು. ಅಣ್ಣ ನೆಟ್ಟಗೆ ಮುಂದೆ ನೋಡುತ್ತ ಓಡಿಸುತ್ತಲೇ ಇದ್ದ. ಸಾವಕಾರರು ಭುಜ ಹಿಡಿದು ಅಲುಗಿಸಿದಾಗ ಬೆಚ್ಚಿಬಿದ್ದು ಬ್ರೇಕ್ ಒತ್ತಿದ.

"ಏನಾತ್ರಿ?"

ಸಾವಕಾರರು ಏನೋ ಹೇಳಿದರು. ಅಣ್ಣ ಅವರ ತುಟಿಯನ್ನೇ ನೋಡುತ್ತಿದ್ದ. ಅವರು ಮಾತು ನಿಲ್ಲಿಸಿ, ಶಲ್ಯದಿಂದ ಬಾಯಿ ಮುಚ್ಚಿಕೊಂಡು, "ನಿನಗ ಕೇಳಸತೈತೇನು?" ಎಂದು ಗಟ್ಟಿಯಾಗಿ ಕೇಳಿದರು. ಅಣ್ಣ ನನ್ನ ಕಡೆ ತಿರುಗಿದ. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮುದುಕಿ ಏದುಸಿರು ಬಿಡುತ್ತ ಹತ್ತಿ ಕೂತಳು.

ಸಾವಕಾರರು ಕೆಟ್ಟವರಲ್ಲ, ಬೈಯಲಿಲ್ಲ. ಗೋಕಾಕಕ್ಕೆ ಮರಳಿದ ಮೇಲೆ ಬೇರೆ ಡ್ರೈವರನಿಗೆ ಹೇಳಿ ಕಳಿಸಿದರು, ಅಷ್ಟೇ. ಅಣ್ಣ ಬಸ್ಸಿನ ಮೈ ಒರೆಸಿದ, ಬಟ್ಟೆ ಹಿಂಡಿ ಒಣಗಹಾಕಿದ. ನಾನು ಎದುರಿಗೆ ಹೋಗಿ ತುಟಿ ಕಾಣುವಂತೆ ನಿಂತೆ.

"ಅಣ್ಣಾ, ಗೇರ್ ಚಲೋ ಆಗಿತ್ತಲ್ಲ?"

"ಭಾಳ ನಾಜೂಕ ಮಾಡಿದ್ದಿ. ಆದ್ರ ತಮ್ಮಾ, ಅದು ಒದರೂದು ಒಂದು ನನಗ ಕೇಳತಿತ್ತು. ಮನ್ಯಾಗಿನ ಮಾತು ಹ್ವಾದ್ರೂ ಅದು ಹೋಗಿರಲಿಲ್ಲ. ಈಗ ಗಾಡಿ ಚಾಲೂ ಐತೋ ಇಲ್ಲೋ ಕೈ ಇಟ್ಟು ನೋಡಬೇಕು."

"ಮತ್ತ ಹೇಳಬಾರದಿತ್ತೇನು?"

"ಅಷ್ಟ ಜೀವಾ ತೇದು ಮಾಡಿದ್ದಿ. ಹೆಂಗ ಹೇಳ್ಲಿ?"

ಹುಕ್ಕೇರಿಯ ಡ್ರೈವರ್ ಬಂದ. "ಮಿಸ್ತ್ರಿ, ಗೇರ್ ಬೆಣ್ಣಿ ಆಗೈತಿ ಬಿಡ್ರಿ," ಎಂದು ಹೊಗಳಿದ. ದಾರಿಯ ಮಂದಿಗೆ ತಿಳಿಯಲೆಂದು ಸಾವಕಾರರು ಒಂದು ದೊಡ್ಡ ಹಾರ್ನ್ ಹಾಕಿಸಿದರು. ಅದನ್ನು ಕೂರಿಸಿದವನೂ ನಾನೇ.

ಅಣ್ಣನ ಮನೆ ಮೂಡಲಗಿ ರಸ್ತೆಗೆ ಹತ್ತಿಕೊಂಡಿತ್ತು. ಮುಂದೆಯೇ ಸಣ್ಣದೊಂದು ಏರು. ಒಂದು ದಿನ ಬಸ್ಸಿನಲ್ಲಿ ಕೂತು ಹೋಗುತ್ತಿದ್ದಾಗ ಅವನು ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತಿದ್ದುದು ಕಂಡಿತು. ಡ್ರೈವರ್ ಹಾರ್ನ್ ಒತ್ತಿ, ಎರಡನೆಯ ಗೇರಿಗೆ ಇಳಿಸಿದ. ಹಲ್ಲು ಸದ್ದಿಲ್ಲದೆ ಕೂಡಿತು. ಅಣ್ಣನ ಬೆನ್ನ ಹಿಂದೆಯೇ ಬಸ್ಸು ಏರು ಹತ್ತಿ ದಾಟಿತು. ಅವನು ಹಗ್ಗ ಹೊಸೆಯುತ್ತಲೇ ಇದ್ದ.