ಬುಟ್ಟಿ ಇಳಿಸುವ ಆಟ

ನಮ್ಮ ಬಾಳೂರಿನ ಕಡೆ ಟಿ.ವಿ. ಎಂಬುದನ್ನು ಜನ ಬರೀ ಬಾಯಿಮಾತಿನಲ್ಲಿ ಕೇಳಿದ್ದ ಕಾಲ ಅದು. ನಾನು ಆಗ ಏಳನೇ ಕ್ಲಾಸು. ಮಾರ್ಚ್ ತಿಂಗಳ ಕೊನೆಯ ಒಂದು ಗುರುವಾರ ಸಂಜೆ, ಮರುದಿನದ ಪೂಜೆಗೆಂದು ಹಿತ್ತಲ ಕಲ್ಲಿನ ಮೇಲೆ ಕೂತು ದೇವರ ದೀಪಗಳಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಅರ್ಧ ಗಂಟೆ ಮೊದಲಷ್ಟೇ ಆ ವರ್ಷದ ಮೊದಲ ಹೂಮಳೆ ಬಂದು ನಿಂತಿತ್ತು. ಕಾಫಿ ಹೂ ಅರಳಿಸುವ ಆ ಮಳೆಗಾಗಿ ಊರಿಗೆ ಊರೇ ಕಾದಿದ್ದರಿಂದ ಅಮ್ಮ ಒಳಗೆ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಅಷ್ಟರಲ್ಲಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರು ಓಡಿಬಂದರು.

"ಅಮ್ಮ ಎಲ್ಲಿ ಶಾರಿ? ಜೀಪು ಮಗುಚಿದೆ. ಹೆದರ್ಬೇಡಿ ಅಂತ ಹೇಳು, ಯಾರ ಜೀವಕ್ಕೂ ಏನೂ ಆಗಿಲ್ಲ."

ಅಪ್ಪ ಆ ಎಸ್ಟೇಟಿನ ಜೀಪು ಡ್ರೈವರು. ನಾವಿದ್ದ ಮನೆಯೂ ಎಸ್ಟೇಟಿನದೇ. ಕೆಲಸ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಜೀಪು ಜಾರಿ, ಅಡ್ಡ ತಿರುಗಿ, ತೋಟದ ನೆರಳಿಗೆ ನೆಟ್ಟ ಒಂದು ಸಿಲ್ವರ್ ಮರಕ್ಕೆ ಒರಗಿ ಮಲಗಿತ್ತು. ಮರ ಇಲ್ಲದಿದ್ದರೆ ಕೆಳಗೆ ಹಳ್ಳ. ಗಿರಿಜಕ್ಕ ಎಂಬ ಹೆಂಗಸಿನ ಬಲಗೈ ಮುರಿಯಿತು. ಉಳಿದವರಿಗೆ ತರಚು ಗಾಯ. ಅಮ್ಮ ಅಂದು ರಾತ್ರಿ ಅರ್ಧ ತಿಕ್ಕಿದ ದೀಪಗಳನ್ನೇ ಹಚ್ಚಿ, ಆ ಮರವನ್ನು ಅಲ್ಲಿ ನೆಟ್ಟವರ ಹೊಟ್ಟೆ ತಣ್ಣಗಿರಲಿ ಎಂದು ಕೈಮುಗಿದಳು. ಪಾಯಸವನ್ನೂ ಮಾಡಿದಳು. "ಮಾಡಲೇಬೇಕು ಕಣೆ, ಹೆಣ ಬರದೆ ಗಂಡ ಬಂದ" ಎಂದಳು.

ಬೇಸಿಗೆಯ ಧೂಳಿನ ಮೇಲೆ ಮೊದಲ ಮಳೆ ಬಿದ್ದರೆ ಆ ರಸ್ತೆ ಎಣ್ಣೆ ಸವರಿದ ಕಾವಲಿಯ ಹಾಗೆ. ಅಂಥ ಹೊತ್ತಿನಲ್ಲಿ ಬ್ರೇಕ್ ಮುಟ್ಟಬಾರದು, ಗೇರಿನ ಹಿಡಿತದಲ್ಲೇ ಇಳಿಸಬೇಕು. ಡ್ರೈವರನ ಮಕ್ಕಳಾದ ನನಗೂ ತಂಗಿಗೂ ಅದು ಗೊತ್ತಿತ್ತು. ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದ ಅಪ್ಪ ಅಂದು ಬ್ರೇಕ್ ಒತ್ತಿದ್ದರು. ಯಾಕೆ ಒತ್ತಿದಿರಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರುದಿನದಿಂದ ಜೀಪು ಹತ್ತುವುದನ್ನೇ ಬಿಟ್ಟರು.

ಎಸ್ಟೇಟಿನ ಸಾಹುಕಾರರು ಕೆಟ್ಟವರಲ್ಲ. ಒಂದು ದಿನ ನಮ್ಮ ಜಗಲಿಗೇ ಬಂದು ಕೂತು ಹೇಳಿದರು: "ಮಳೆಗಾಲ ಹಿಡಿಯೋದ್ರೊಳಗೆ ಮನಸ್ಸು ಗಟ್ಟಿ ಮಾಡ್ಕೋ ಕೃಷ್ಣ. ಆಗ್ದಿದ್ರೆ ನಾನು ಬೇರೆ ಡ್ರೈವರ್‌ನ ನೋಡ್ಬೇಕಾಗತ್ತೆ. ಬಂದವನಿಗೆ ಮನೆನೂ ಕೊಡ್ಬೇಕಲ್ಲ." ಅಪ್ಪ "ಆಯ್ತು ಅಯ್ಯಾ" ಎಂದರು. ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಂದಿನಿಂದ ಅವಳು ಹಿತ್ತಲಲ್ಲಿ ಹೊಸ ಗಿಡ ನೆಡಲಿಲ್ಲ.

ಮನೆಯಲ್ಲಿ ಕೂರಲಾಗದೆ ಅಪ್ಪ ದಿನಾ ಹಮೀದಣ್ಣನ ಗ್ಯಾರೇಜಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ರಿಪೇರಿಯಾದ ನಮ್ಮ ಜೀಪು ಅಲ್ಲೇ ಮಾಡಿನ ಕೆಳಗೆ ನಿಂತಿತ್ತು. ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಊಟಕ್ಕೆ ಕರೆಯುವ ನೆಪದಲ್ಲಿ ಅಮ್ಮ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು. ಹಾಗೆ ಹೋದ ನನ್ನನ್ನು ಹಿಡಿದದ್ದು ಆ ಆಟ.

ಹಮೀದಣ್ಣನ ತಮ್ಮ ಗಲ್ಫಿನಿಂದ ಒಂದು ಟಿ.ವಿ. ತಂದಿದ್ದ. ಗುಡ್ಡ ಅಡ್ಡವಿದ್ದುದರಿಂದ ಅದರಲ್ಲಿ ಚಿತ್ರ ಬಾರದೆ ಬರೀ ಇರುವೆಯಂಥ ಚುಕ್ಕೆಗಳು ಹರಿದಾಡುತ್ತಿದ್ದವು. ಆದರೆ ಜೊತೆಗೆ ತಂದಿದ್ದ ಒಂದು ಕಪ್ಪು ಡಬ್ಬಿಯನ್ನು ಸಿಕ್ಕಿಸಿದರೆ ಆಟ ಬರುತ್ತಿತ್ತು. ಮನೆಯೊಳಗಿಟ್ಟರೆ ಊರೆಲ್ಲ ಒಳಗೆ ಬರುತ್ತದೆಂದು ಅವನಮ್ಮ ಅದನ್ನು ಹೊರಗೆ, ಗ್ಯಾರೇಜಿನ ಹಳೇ ಟೈರುಗಳ ಮೇಲೆ ಇಡಿಸಿದ್ದರು. ಪೆಟ್ರೋಲು, ಗ್ರೀಸಿನ ವಾಸನೆ, ರಸ್ತೆಯಾಚೆ ಅರಳಿದ ಕಾಫಿ ಹೂವಿನ ಘಮ, ಎಲ್ಲ ಬೆರೆತ ಆ ಗಾಳಿ ಈಗಲೂ ಮೂಗಿನಲ್ಲಿದೆ.

ಕಪ್ಪು ಪರದೆಯ ಮೇಲಿಂದ ಒಂದು ಬಿಳಿ ವಾಹನ ಬೀಳುತ್ತಿತ್ತು. ಚಂದ್ರಲೋಕದ ನೌಕೆಯಂತೆ. ನಮ್ಮ ಕಣ್ಣಿಗೆ ಅದು ಕಾಫಿ ಕೊಯ್ಯುವ ಬುಟ್ಟಿ. ಕೆಳಗೆ ಹಲ್ಲುಹಲ್ಲಾದ ಗುಡ್ಡಗಳು, ನಡುವೆ ಅಂಗೈಯಷ್ಟು ಸಮ ಜಾಗ. ಕಾಫಿ ಒಣಗಿಸುವ ಕಣದ ನೆನಪಾಗಿ ಅದಕ್ಕೆ ಕಣ ಎಂದೇ ಹೆಸರಿಟ್ಟೆವು. ಬುಟ್ಟಿಯನ್ನು ಮೆಲ್ಲಗೆ ಕಣಕ್ಕೆ ಇಳಿಸಬೇಕು, ಅಷ್ಟೇ ಆಟ. ಕೆಂಪು ಗುಂಡಿ ಒತ್ತಿದರೆ ಬುಟ್ಟಿಯ ಕೆಳಗೆ ಬೆಂಕಿ ಉಗುಳಿ ಅದು ಮೇಲೇಳುತ್ತಿತ್ತು. ಬಿಟ್ಟರೆ ಬೀಳುತ್ತಿತ್ತು.

ಹೇಳಲು ಇಷ್ಟು ಸುಲಭ. ಆದರೆ ಗುಂಡಿ ಬಿಟ್ಟ ಮೇಲೂ ಅದು ಒಂದಿಷ್ಟು ದೂರ ಏರುತ್ತಲೇ ಇರುತ್ತಿತ್ತು. ಬಲಕ್ಕೆ ನೂಕಿದರೆ ಬಲಕ್ಕೇ ಹೊರಟುಬಿಡುತ್ತಿತ್ತು, ನಿಲ್ಲಿಸಬೇಕೆಂದರೆ ಎಡಕ್ಕೆ ನೂಕಬೇಕು. ಅಷ್ಟರಲ್ಲಿ ಕೆಳಗೆ ಗುಡ್ಡ. ಗಾಬರಿಯಾಗಿ ಒತ್ತಿದರೆ ಆಕಾಶಕ್ಕೆ ಹಾರುತ್ತಿತ್ತು, ಎಣ್ಣೆ ಮುಗಿಯುತ್ತಿತ್ತು, ಕಲ್ಲಿನಂತೆ ಬಿದ್ದು ಚೂರಾಗುತ್ತಿತ್ತು. 'ಕೊರ್ರ್' ಎಂದು ಅಣಕಿಸುವಂಥ ಒಂದು ಸದ್ದು. ಒಬ್ಬರಿಗೆ ಮೂರು ಬುಟ್ಟಿ, ಆಮೇಲೆ ಸಾಲಿನ ಕೊನೆಗೆ. ನನಗೆ ಅಳು ಬರುತ್ತಿತ್ತು. ಇನ್ನು ಈ ಕಡೆ ತಲೆ ಹಾಕಿದರೆ ಕೇಳು ಎಂದು ಶಪಥ ಮಾಡಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೆಬ್ಬೆರಳು ತಾನಾಗಿ ಒತ್ತುತ್ತಿರುತ್ತಿತ್ತು. ಎಷ್ಟು ಒತ್ತಬೇಕಿತ್ತೆಂದು ಬಿದ್ದ ಮೇಲೆ ಗೊತ್ತಾಗುತ್ತಿತ್ತಲ್ಲ, ಅದೇ ಅದರ ಮಾಯೆ. ಬುಟ್ಟಿ ಒಂದು ಸಲ ಇಳಿದರೆ ಹೊರನಾಡಿನ ಅಮ್ಮನವರ ಗುಡಿಗೆ ಬಂದು ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆಯನ್ನೂ ಹೊತ್ತೆ. ಅಮ್ಮನಿಗೆ ಗೊತ್ತಾಗಿ ತಲೆಗೆ ಮೊಟಕಿದಳು. "ಅಪ್ಪನ ವಿಷ್ಯಕ್ಕೆ ಹೊತ್ತ ಹರಕೆನೇ ಅಮ್ಮನವರ ಹತ್ರ ಬಾಕಿ ಇದೆ. ನಡುವೆ ನಿಂದೊಂದು ಬುಟ್ಟಿ!"

ಇದರ ಜೊತೆಗೆ ಹಿಂದೆ ನಿಂತವರ ಕಾಟ. ರಜೆಯ ಮಕ್ಕಳು, ಬಸ್ಸಿಗೆ ಕಾಯುವವರು, ಬೀಡಿ ಸೇದುವವರು, ಎಲ್ಲ ಸೇರಿ "ಒತ್ತು ಒತ್ತು! ಬಿಡು ಬಿಡು! ಅಯ್ಯೋ ಮಾರಾಯ್ತಿ!" ಎಂದು ಕೂಗುತ್ತಿದ್ದರು.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ. ಮನೆಯಲ್ಲಿ ಹಲಸಿನ ಹಪ್ಪಳ ಒತ್ತುವ ಕೆಲಸವಿತ್ತು. ಒಂದು ಉಂಡೆ ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡು ತಪ್ಪಿಸಿಕೊಂಡು ಬಂದಿದ್ದೆ. ಗಿರಿಜಕ್ಕನೂ ಅಲ್ಲಿದ್ದಳು. ಕೈಗೆ ಪ್ಲಾಸ್ಟರು ಹಾಕಿ ಕುತ್ತಿಗೆಗೆ ನೇತುಹಾಕಿದ್ದರಿಂದ ಕೆಲಸವಿಲ್ಲದೆ ಅವಳೂ ದಿನಾ ಆಟ ನೋಡಲು ಬರುತ್ತಿದ್ದಳು. ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ. ಅವಳು ಮಾತ್ರ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ನನ್ನ ಸರದಿ. ಎರಡು ಬುಟ್ಟಿ ಚೂರಾದವು. ಮೂರನೆಯದು ಹೇಗೋ ಕಣದ ನೇರಕ್ಕೆ ಬಂತು. ಹಿಂದಿನಿಂದ ಗಿರಿಜಕ್ಕ, "ಬೀಳ್ತು, ಬೀಳ್ತು! ಒತ್ತೇ ಹುಡುಗಿ!" ಎಂದಳು. ನಾನು ಒತ್ತಿದೆ. ಬುಟ್ಟಿ ಮತ್ತೆ ಮೇಲಕ್ಕೆ ಹಾರಿತು.

ಆಗ ಬೆಂಚಿನಿಂದ ಅಪ್ಪನ ದನಿ ಬಂತು. ಎರಡು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದು ಅದೇ ಮೊದಲು. "ಹಿಂದಿನವ್ರ ಮಾತು ಕೇಳ್ಬೇಡ ಶಾರಿ. ಕೂಗೋರಿಗೆ ಭಯ ಇರತ್ತೆ, ಅವ್ರ ಕೈಲಿ ಗುಂಡಿ ಇರಲ್ಲ. ನೀನು ನೆಲ ನೋಡು. ಒಂದ್ಚೂರು ಒತ್ತು, ಬಿಡು. ಒಂದ್ಚೂರು ಒತ್ತು, ಬಿಡು."

ಅವರೆಂದ ಹಾಗೆ ಮಾಡಿದೆ. ಬುಟ್ಟಿ ಮಾತು ಕೇಳಿದಂತೆ ಇಳಿಯತೊಡಗಿತು. ಕೂಗುತ್ತಿದ್ದವರೆಲ್ಲ ಪರದೆಯತ್ತ ಬಗ್ಗಿದರು. ಆಗ ಗಿರಿಜಕ್ಕ ಕೇಳಿದಳು: "ಹಂಗಾದ್ರೆ ಅವತ್ತು ನನ್ನ ಮಾತು ಯಾಕೆ ಕೇಳ್ದೆ ಕೃಷ್ಣಾ?"

ನನ್ನ ಕೈ ನಿಂತಿತು. ಬುಟ್ಟಿ ಬಿದ್ದು 'ಕೊರ್ರ್' ಎಂದದ್ದು ಯಾರಿಗೂ ಬೇಕಾಗಿರಲಿಲ್ಲ.

"ಎಲ್ಲರ ಎದುರೇ ಹೇಳ್ತೀನಿ" ಎಂದಳು ಅವಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಎಂದಿನ ಗಿರಿಜಕ್ಕನದೇ. "ನಿನ್ನ ಸೀಟಿನ ಹಿಂದೆ ಕೂತಿದ್ದು ನಾನು. ಜೀಪು ಒಂಚೂರು ಜಾರಿದ್ದಕ್ಕೆ, 'ಬ್ರೇಕ್ ಹಾಕೋ, ಸಾಯಿಸ್ತೀಯಾ' ಅಂತ ನಿನ್ನ ಅಂಗಿ ಹಿಡಿದು ಎಳ್ದೆ. ನೀನು ಗೇರಲ್ಲೇ ಇಳಿಸ್ತಿದ್ದೆ. ಊರೆಲ್ಲ ನಿನ್ನ ಬೈದಾಗ ನಾನು ಬಾಯಿ ಮುಚ್ಕೊಂಡು ಕೂತೆ. ಕೈ ಮುರ್ಕೊಂಡವಳು ನಾನೇ ಅಂತ ಎಲ್ರೂ ಅಯ್ಯೋ ಪಾಪ ಅಂದ್ರಲ್ಲ, ಅದು ಹಿತವಾಗಿತ್ತು ಮಾರಾಯ."

ಅಪ್ಪ ಮೊದಲ ಸಲ ಅವಳ ಮುಖ ನೋಡಿದರು. "ಒತ್ತಿದ್ದು ನನ್ನ ಕಾಲು, ಗಿರಿಜಕ್ಕ" ಎಂದರು.

"ಕಾಲು ನಿಂದು, ಬಾಯಿ ನಂದು. ಅರ್ಧರ್ಧ ಇಟ್ಕೊಳ್ಳೋಣ. ಸೋಮವಾರ ಮೂಡಿಗೆರೆ ಆಸ್ಪತ್ರೆಲಿ ಈ ಕಟ್ಟು ಬಿಚ್ತಾರೆ. ನಾನು ಬಸ್ಸಿಗೆ ಹೋಗಲ್ಲ. ನೀನೇ ಕರ್ಕೊಂಡೋಗ್ಬೇಕು."

"ಬೇರೆ ಯಾರಾದ್ರೂ..."

"ಬೇರೆಯವ್ರ ಜೀಪಿಗೆ ನಾನು ಹತ್ತಲ್ಲ. ನಾನೇ ಹತ್ತದಿದ್ರೆ ಊರಲ್ಲಿ ನಿನ್ನ ಜೀಪಿಗೆ ಇನ್ಯಾರು ಹತ್ತುತಾರೆ, ಹೇಳು?"

ಹಮೀದಣ್ಣ ಗೋಡೆಯ ಮೊಳೆಗೆ ತೂಗುಹಾಕಿದ್ದ ಜೀಪಿನ ಕೀಲಿಕೈ ತೆಗೆದು, ಗ್ರೀಸು ಒರೆಸಿ, ಅಪ್ಪನ ಪಕ್ಕ ಬೆಂಚಿನ ಮೇಲಿಟ್ಟು ಕೆಲಸಕ್ಕೆ ಹೋದ.

ಸೋಮವಾರ ಬೆಳಿಗ್ಗೆ ಹಟ ಮಾಡಿ ನಾನೂ ಜೀಪು ಹತ್ತಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಇಳಿಜಾರು ಬಂದಾಗ ಅಪ್ಪನ ಕುತ್ತಿಗೆಯ ಮೇಲೆ ಬೆವರು ಸಾಲುಗಟ್ಟಿತ್ತು. ಜೀಪು ಒಮ್ಮೆ ನುಣ್ಣಗೆ ಪಕ್ಕಕ್ಕೆ ಸರಿಯಿತು. ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಅದು ಬ್ರೇಕಿನ ಹತ್ತಿರ ಹೋಯಿತು, ಹಿಂದೆ ಬಂತು. ಜೀಪು ತಾನಾಗಿ ನೇರವಾಯಿತು. ತಿರುಗಿ ನೋಡಿದರೆ ಗಿರಿಜಕ್ಕ ಸೆರಗಿನ ಅಷ್ಟೂ ತುದಿಯನ್ನು ಬಾಯೊಳಗೆ ತುರುಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು! ಕೆಳಗೆ ಸಮ ರಸ್ತೆಗೆ ಬಂದ ಮೇಲೆ ಅದನ್ನು ಎಳೆದು ತೆಗೆದು, "ಅಬ್ಬ ಕೃಷ್ಣ, ಕೈ ಮುರಿದಾಗ್ಲೂ ನಂಗೆ ಇಷ್ಟು ಕಷ್ಟ ಆಗಿರ್ಲಿಲ್ಲ" ಎಂದಳು. ಅಪ್ಪ ನಕ್ಕರು. ಎಷ್ಟು ನಕ್ಕರೆಂದರೆ ಜೀಪು ನಿಲ್ಲಿಸಬೇಕಾಯಿತು.

ಅಪ್ಪ ಮತ್ತೆ ಕೆಲಸಕ್ಕೆ ಹೋದರು, ಮನೆ ಉಳಿಯಿತು. ಅಮ್ಮ ಅದೇ ವಾರ ಹಿತ್ತಲಲ್ಲಿ ಬಸಳೆ ನೆಟ್ಟಳು.

ನಾನು ಬುಟ್ಟಿ ಇಳಿಸಿದ್ದು ಒಂದೇ ಸಲ, ಶಾಲೆ ಶುರುವಾಗುವ ಹಿಂದಿನ ದಿನ. ಜೋರು ಮಳೆ, ಗ್ಯಾರೇಜಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬುಟ್ಟಿ ಕಣದ ಮೇಲೆ ಹೂವಿನಂತೆ ಕೂತಿತು, ಪೆಟ್ಟಿಗೆ ಪುಟ್ಟದೊಂದು ರಾಗ ನುಡಿಯಿತು, ಮತ್ತೆ ಮೇಲಿಂದ ಹೊಸ ಬುಟ್ಟಿ ಬೀಳತೊಡಗಿತು. ಅಷ್ಟೇ. ಯಾರಿಗೆ ಹೇಳಿದರೂ ನಂಬಲಿಲ್ಲ. ಜುಲೈನ ಒಂದು ಸಿಡಿಲಿಗೆ ಆ ಟಿ.ವಿ. ಸುಟ್ಟುಹೋಯಿತು.

ಈಗ ಅಪ್ಪ ಇಲ್ಲ, ಗಿರಿಜಕ್ಕ ಇಲ್ಲ. ರಸ್ತೆ ಡಾಂಬರಾಗಿ ಅಗಲವಾದಾಗ ಗ್ಯಾರೇಜು ಹೋಯಿತು. ದೇವರು ನನಗೆ ಕಡಿಮೆ ಮಾಡಿಲ್ಲ. ಕೈಕಾಲು ಗಟ್ಟಿಯಿದೆ, ಮನೆ ತುಂಬ ಜನರಿದ್ದಾರೆ. ಇಂಥ ಆಟಗಳು ಫೋನಿನೊಳಗೇ ಬಂದಿವೆ. ಮೊಮ್ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಆಡುತ್ತಾಳೆ. ಎಷ್ಟು ಸಲ ಬಿದ್ದಳೋ ಅವಳಿಗೊಬ್ಬಳಿಗೇ ಗೊತ್ತು.

ಆದರೆ ಹತ್ತು ಜನರ ಎದುರು, ಯಾರೂ ಕೇಳದೆ, ಅರ್ಧ ತಪ್ಪು ನನ್ನದು ಎಂದ ಇನ್ನೊಬ್ಬರನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ. ನಾನೂ ಅಂದವಳಲ್ಲ. ತಂಗಿಯೊಂದಿಗೆ ಮಾತು ಬಿಟ್ಟು ಒಂದು ವರ್ಷವಾಯಿತು. ಅವಳದೆಷ್ಟು, ನನ್ನದೆಷ್ಟು ಎಂದು ನನಗೆ ಗೊತ್ತಿದೆ. ನಿನ್ನೆಯೂ ಅವಳ ನಂಬರು ತೆಗೆದು ನೋಡಿ ಫೋನು ಕೆಳಗಿಟ್ಟೆ.

ನಾಳೆ ಬೆಳಿಗ್ಗೆಗೆ ಕಡುಬು. ಅಕ್ಕಿ ತರಿ ಹುರಿದಿಡಬೇಕು, ಏಳುತ್ತೇನೆ.