ಬಾಗಿಲಿಗೆ ಬೆನ್ನು ಮಾಡದ ಬಸವರಾಜ

ಬಸವರಾಜ ಎಲ್ಲಿ ಕೂತರೂ ಬಾಗಿಲ ಕಡೆ ಮುಖ ಮಾಡಿಯೇ ಕೂಡುತ್ತಿದ್ದ. ಅಫಜಲಪುರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಊಟಕ್ಕೆ ಬಾಗಿಲು ಕಾಣುವ ಜಾಗವನ್ನು ನಾನು ಮೊದಲೇ ಹಿಡಿದಿದ್ದರೆ ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಿದ್ದ. ನಾನು ಅಲ್ಲಿ ಹಿರಿಯ ನರ್ಸು, ಅವನು ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ಬಂದ ನರ್ಸು. ಪೇಷಂಟುಗಳು ಅವನನ್ನು ಬ್ರದರ್ ಅನ್ನುತ್ತಿದ್ದರು. ಕೂಸಿಗೆ ಸೂಜಿ ಚುಚ್ಚುವಾಗ ತಾನೇ ‘ಅಯ್ಯವ್ವಾ’ ಎಂದು ನರಳಿ ಕೂಸನ್ನು ನಗಿಸುವವನು, ಹೊರಗೆ ಮೋಟರ್‌ಸೈಕಲ್ ಗಕ್ಕನೆ ನಿಂತರೆ ಸೂಜಿ ಕೆಳಗಿಟ್ಟು ಬಾಗಿಲು ನೋಡುತ್ತಿದ್ದ.

ಯಾಕೆಂದು ಒಂದು ದಿನ ಅವನೇ ಹೇಳಿದ. ಗಂಡಸರ ಮೇಲೆ ಮನಸ್ಸಾಗುವ ಗಂಡಸು ತಾನು, ತಿಳಿವಳಿಕೆ ಬಂದಾಗಿನಿಂದ ಹೀಗೇ ಎಂದ. ಅವನ ಡಬ್ಬಿಗೆ ಒಂದಿಷ್ಟು ಪುಂಡಿಪಲ್ಯ ಹಾಕಿದೆ. ಅಷ್ಟಕ್ಕೇ ಅವನ ಕಣ್ಣು ತುಂಬಿದವು.

ಗಲ್ಫ್‌ನಲ್ಲಿ ಅವನ ಕೋಣೆಯಲ್ಲಿದ್ದ ಫಿಲಿಪೀನ್ಸ್‌ನ ಹುಡುಗನೂ ಅಂಥವನೇ. ಆ ಹುಡುಗನ ತಾಯಿ ತಪ್ಪದೆ ಚರ್ಚಿಗೆ ಹೋಗುವಾಕೆ. ಆದರೂ ವಿಡಿಯೋ ಕಾಲಿನಲ್ಲಿ ಮಗ ಪ್ರೀತಿಸುವ ಗೆಳೆಯನನ್ನೂ ಕರೆದು ಉಂಡೆಯಾ ಎಂದು ಕೇಳುತ್ತಿದ್ದಳಂತೆ. ಫೋನು ಇಟ್ಟ ಕೂಡಲೇ ಅವರಿಬ್ಬರೂ ಬಸವರಾಜನೂ ಕದ ಭದ್ರವಿದೆಯೇ ಎಂದು ನೋಡುತ್ತಿದ್ದರಂತೆ. ಆ ನಾಡಿನಲ್ಲಿ ಸಿಕ್ಕುಬಿದ್ದರೆ ಜೈಲು.

“ಅಲ್ಲಿ ಪೊಲೀಸರ ಅಂಜಿಕಿ ಇತ್ತಕ್ಕಾ. ಇಲ್ಲಿ ಕಾಯ್ದೆ ಏನೂ ಮಾಡಂಗಿಲ್ಲ ಖರೆ, ಗುರ್ತಿನವರದೇ ಅಂಜಿಕಿ. ಪೊಲೀಸರಿಗರೆ ಡ್ರೆಸ್ ಇರ್ತದ, ದೂರದಿಂದನೇ ಗೊತ್ತಾಗ್ತದ.”

ಗಂಡು ಗಂಡಿನ ಲಗ್ನದ ಕೇಸು ಕೋರ್ಟಿನಲ್ಲಿ ನಡೆದಿದ್ದ ದಿನಗಳವು. ಆಸ್ಪತ್ರೆಯ ಟಿವಿಯಲ್ಲೂ ಅದೇ ಸುದ್ದಿ. ಬಸವರಾಜ ಅತನೂರಿನ ಹಿರಿಯರೊಬ್ಬರ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ. ಒಳ್ಳೆಯ ಮನುಷ್ಯರು, ಸುಗ್ಗಿಯಲ್ಲಿ ನಮಗೆಂದು ಹಸಿಕಡಲೆ ತರುವವರು. ಇದೆಲ್ಲ ಹೊರದೇಶದ ರೋಗ, ನಮ್ಮ ಕಡೆ ಇಲ್ಲ ಎಂದರು. ಆಮೇಲೆ ನಗುತ್ತಲೇ, “ನಮ್ಮೂರಾಗ ಇಂಥಾಂವ ಹುಟ್ಟಿದ್ರ ಹೊಲದಾಗ ಹುಗದು ಬರ್ತಿದ್ವಿ” ಎಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

“ಕಾಲು ಅಲ್ಲಾಡಸಬ್ಯಾಡ್ರಿ ಕಾಕಾ, ನೋವಾಗ್ತದ” ಎಂದ ಬಸವರಾಜ. ಅವನು ಎರಡು ಸಲ ಹಾಕಿದರೂ ಗಂಟು ಬೀಳಲೊಲ್ಲದು. ನಾನೇ ಹೋಗಿ ಕಟ್ಟಿದೆ.

ಆ ಬೇಸಿಗೆಯಲ್ಲೇ ಅವನ ಮನೆಯವರು ಕೊಳಕೂರಿನಲ್ಲಿ ಅವನಿಗೆ ಒಂದು ಹೆಣ್ಣು ನೋಡಿದರು. ಮಾತಾಡಲೆಂದು ಇಬ್ಬರನ್ನೇ ಬಿಟ್ಟಾಗ ಬಸವರಾಜ ಹುಡುಗಿಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಮರುದಿನ ನನ್ನ ಮುಂದೆ ಬಂದು ಕೂತ, ಡಬ್ಬಿ ತೆರೆಯಲಿಲ್ಲ. ಆಕೆ ಬಾಯಿ ಬಿಟ್ಟರೆ ತಾನು ಉಳಿಯುವುದಿಲ್ಲ ಎಂದ. ಹಾಗಾದರೆ ಯಾಕೆ ಹೇಳಿದೆ ಎಂದು ಕೇಳಿದೆ. “ಆಕಿ ಜನ್ಮ ಹಾಳು ಮಾಡಿ ನಾ ಎಲ್ಲಿ ಹೋಗ್ಲಿ ಅಕ್ಕಾ?”

ಹುಡುಗಿ ಬಾಯಿ ಬಿಡಲಿಲ್ಲ. ಹುಡುಗ ಕಪ್ಪಗಿದ್ದಾನೆ, ಒಲ್ಲೆ ಎಂದು ಹಟ ಹಿಡಿದು ಮನೆಯಲ್ಲಿ ಬೈಸಿಕೊಂಡಳಂತೆ. ಆದರೆ ಆ ಮಾತು ಬಸವರಾಜನ ಸೋದರಮಾವಂದಿರಿಗೆ ಅವಮಾನವಾಯಿತು. ಕಾರಣ ಬೇರೆ ಇದೆ ಎಂದು ಕೆದಕುತ್ತ ಹೋದರು. ಗಲ್ಫ್‌ನಲ್ಲಿ ಅವನ ಜೊತೆಗಿದ್ದ ನಮ್ಮ ಕಡೆಯವನೊಬ್ಬ ಗುಟ್ಟು ಹೇಳಿದ. ಸುದ್ದಿ ಅವನ ಊರು ಇಜೇರಿಯ ಮನೆ ಮುಟ್ಟಿತು.

ಒಂದು ಮುಂಜಾನೆ ಅವನ ಅಣ್ಣ ಆಸ್ಪತ್ರೆಗೆ ಬಂದ. ಬಸವರಾಜ ಔಷಧಿ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡ. ಅವನು ಆಳಂದಕ್ಕೆ ಹೋಗಿದ್ದಾನೆಂದು ಸುಳ್ಳು ಹೇಳಿದೆ. ಅಣ್ಣ ಚಿಲಕ ಹಾಕಿದ ಕದವನ್ನೇ ನೋಡುತ್ತ ನಿಂತ. ಸಿಟ್ಟಿನಿಂದ ಬಂದವನಲ್ಲ, ಅಂಜಿ ಬೆವತಿದ್ದ. ಆಮೇಲೆ ಆ ಕದಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ: “ಅಂವ ಹೆಂಗರೆ ಇರ್ಲ್ರಿ, ಜೀವಂತ ಇರ್ಲಿ. ಊರ ಕಡಿ ಮಾತ್ರ ಬರಬ್ಯಾಡ ಅನ್ರಿ. ನಾ ಅವನ ಮೈ ಮುಟ್ಟಂಗಿಲ್ಲ. ಮುಟ್ಟೋರು ಮನ್ಯಾಗೇ ಅದಾರ.”

ಅಣ್ಣ ಹೋದ ಎಷ್ಟೋ ಹೊತ್ತಿನ ಮೇಲೆ ಬಸವರಾಜ ಹೊರಗೆ ಬಂದ. ಕದದ ಸಂದಿಯಿಂದ ನೋಡಿದ್ದನೇನೋ, “ಅಣ್ಣ ಬಾಳ ಸೊರಗ್ಯಾನ ಅಲ್ಲಕ್ಕಾ” ಎಂದ. ಅದೇ ಮಧ್ಯಾಹ್ನ ಅವನನ್ನು ಸೊಲ್ಲಾಪುರದ ಬಸ್ಸು ಹತ್ತಿಸಿದೆ. ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಬಸ್ಸು ಹೊರಡುವ ತನಕ ಒಬ್ಬರಿಗೊಬ್ಬರು ಗೊತ್ತಿಲ್ಲದವರ ಹಾಗೆ ನಿಂತಿದ್ದೆವು.

ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಎಲ್ಲಿದ್ದೇನೆಂದು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅಣ್ಣ ಈಗಲೂ ಏನಾದರೊಂದು ನೆವ ಮಾಡಿಕೊಂಡು ಅಫಜಲಪುರಕ್ಕೆ ಬರುತ್ತಾನೆ. ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ನಾನು ಹೊರಗೆ ಬಂದರೆ “ಅದಾನ್ರಿ?” ಎಂದಷ್ಟೇ ಕೇಳುತ್ತಾನೆ.

ಅದಾನ್ರಿ, ಆರಾಮ ಅದಾನ ಅನ್ನುತ್ತೇನೆ. ಯುಗಾದಿಯಿಂದ ಬಸವರಾಜನ ಫೋನು ಹತ್ತುತ್ತಿಲ್ಲ.